ಮತ್ತೆ ಕಟ್ಟಿದ ಕಾಡುಜಾಡು

ಇವತ್ತಿನ ಮಾತು ಸೈಕಲ್ಲಿನ ಬಗ್ಗೆ. ಪೇಟೆಗೆ, ಶಾಲೆಗೆ ಹೋಗಿಬರುವ ಸೈಕಲ್ಲಲ್ಲ. ದಪ್ಪ ಟೈರು, ನೇರ ಹ್ಯಾಂಡಲ್ಲು, ಮುಂಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕು. ಆ ಬೈಕಿಗಿಂತಲೂ ಹೆಚ್ಚಾಗಿ, ಅದು ಓಡುವ ಕಾಡುಜಾಡಿನ ಬಗ್ಗೆ. ಬೇರು, ಕಲ್ಲು, ಮಣ್ಣಿನ ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ಜಾಡು ಅದು. ದನಕರು ನಡೆದು ನಡೆದು ತಾನಾಗಿಯೇ ಮೂಡಿತೇನೋ ಎನ್ನಿಸುತ್ತದೆ. ಆದರೆ ವರ್ಷಗಟ್ಟಲೆ ಬಾಳುವ ಜಾಡು ತಾನಾಗಿ ಮೂಡುವುದು ಅಪರೂಪ. ಅದನ್ನು ಅಳೆದು, ಅಗೆದು, ಕಲ್ಲು ಕೂರಿಸಿ ಕಟ್ಟುತ್ತಾರೆ. ಹಾಳಾದರೆ ಮತ್ತೆ ಕಟ್ಟುತ್ತಾರೆ. ಹಾಗೆ ಮತ್ತೆ ಕಟ್ಟುವ ಕೆಲಸದಲ್ಲಿ ಎಷ್ಟು ವಿದ್ಯೆ ಅಡಗಿದೆ ಎಂಬುದನ್ನು ಇಂದು ಬ್ರಿಟನ್ನಿನ ವೇಲ್ಸ್ ನಾಡಿನ ಒಂದು ಕಾಡಿನ ಮೂಲಕ ನೋಡೋಣ.

ವೇಲ್ಸಿನ ದಕ್ಷಿಣದಲ್ಲಿ, ಉಕ್ಕಿನ ಕಾರ್ಖಾನೆಗೆ ಹೆಸರಾದ ಪೋರ್ಟ್ ಟಾಲ್ಬಟ್ ಊರಿನ ಹಿಂದೆ ಆವನ್ ಎಂಬ ನದಿಯ ಕಣಿವೆ ಇದೆ. ಹಾಲಿವುಡ್ ನಟ ರಿಚರ್ಡ್ ಬರ್ಟನ್ 1925ರಲ್ಲಿ ಒಬ್ಬ ಗಣಿ ಕಾರ್ಮಿಕನ ಮಗನಾಗಿ ಹುಟ್ಟಿದ್ದು ಈ ಕಣಿವೆಯ ಒಂದು ಹಳ್ಳಿಯಲ್ಲೇ. ಆ ಕಾಲದಲ್ಲಿ ಇಲ್ಲಿನ ಅನ್ನವೆಲ್ಲ ಕಲ್ಲಿದ್ದಲಿನಿಂದ ಬರುತ್ತಿತ್ತು. ಮೊದಲನೇ ಮಹಾಯುದ್ಧದಲ್ಲಿ ಮರದ ತೀವ್ರ ಕೊರತೆ ಕಂಡ ಬ್ರಿಟಿಷ್ ಸರ್ಕಾರ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಆಮೇಲಿನ ದಶಕಗಳಲ್ಲಿ ಇಂಥ ಬೋಳು ಗುಡ್ಡಗಳ ಮೇಲೆಲ್ಲ ಸೂಚಿಪರ್ಣಿ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಗಣಿಯ ಸುರಂಗಕ್ಕೆ ಆನಿಕೆ ಕೊಡಲು ಮರ ಬೇಕಿತ್ತು. ಮರ ಬೆಳೆದು ನಿಲ್ಲುವ ಹೊತ್ತಿಗೆ ಗಣಿಗಳೇ ಒಂದೊಂದಾಗಿ ಮುಚ್ಚತೊಡಗಿದವು. ಇಂದು ಕಣಿವೆಯಲ್ಲಿ ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯವಿದೆ, ಸುತ್ತ ಕಾಡಿದೆ.

ಕೆಲಸ ಕಳೆದುಕೊಂಡ ಆ ಕಣಿವೆಗೆ ಹೊಸ ಜೀವ ತಂದದ್ದರಲ್ಲಿ ಸೈಕಲ್ಲಿಗೂ ಪಾಲಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಟಮಲ್ಪೈಸ್ ಬೆಟ್ಟದ ಆಸುಪಾಸಿನಲ್ಲಿ ಕೆಲವು ಯುವಕರು ಹಳೆಯ ಭಾರದ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸಿ ಪಂದ್ಯ ನಡೆಸಿದರು. ಆ ಆಟವೇ ಬೆಳೆದು 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಹೋಯಿತು. ಅದೇ 1990ರ ದಶಕದಲ್ಲಿ ವೇಲ್ಸಿನ ಉತ್ತರ ಭಾಗದ ಕೊಯ್ಡ್ ಅ ಬ್ರೆನಿನ್ ಕಾಡಿನಲ್ಲಿ ಮೌಂಟನ್ ಬೈಕಿಗೆಂದೇ ಜಾಡು ಕಟ್ಟಿದರು. ಬ್ರಿಟನ್ನಿನಲ್ಲಿ ಅಂಥ ಪ್ರಯತ್ನ ಅದೇ ಮೊದಲು. ಅದು ಗೆದ್ದ ಮೇಲೆ ಆವನ್ ಕಣಿವೆಯಲ್ಲೂ ಒಂದರ ಹಿಂದೊಂದು ಜಾಡು ಬಂತು. ಗಣಿ ಮುಚ್ಚಿದ ಹಳ್ಳಿಗಳಿಗೆ ವಾರಾಂತ್ಯಗಳಲ್ಲಿ ದೂರದೂರಿನ ಸವಾರರು ಬರತೊಡಗಿದರು. ಊಟ, ವಸತಿ, ಸೈಕಲ್ ರಿಪೇರಿ ಎಂದು ಒಂದಿಷ್ಟು ಜನಕ್ಕೆ ಸಂಪಾದನೆಯ ದಾರಿಯಾಯಿತು.

ಆಗ ಬಂತು ರೋಗ. ಈ ಕಾಡಿನಲ್ಲಿ ಲಾರ್ಚ್ ಎಂಬ ಮರ ಹೇರಳವಾಗಿತ್ತು. ಸೂಚಿಪರ್ಣಿಯಾದರೂ ಚಳಿಗಾಲಕ್ಕೆ ಮುನ್ನ ಹೊಂಬಣ್ಣಕ್ಕೆ ತಿರುಗಿ ಎಲೆ ಉದುರಿಸುವ ಮರ. 2009ರಲ್ಲಿ ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ, 2010ರಲ್ಲಿ ವೇಲ್ಸಿನಲ್ಲಿ, ಜಪಾನಿ ಲಾರ್ಚ್ ಮರಗಳು ಸಾಯುತ್ತಿರುವುದು ಪತ್ತೆಯಾಯಿತು. ವೇಲ್ಸಿನಲ್ಲಿ ಅದು ಮೊದಲು ಕಂಡ ತಾಣಗಳಲ್ಲಿ ಈ ಆವನ್ ಕಣಿವೆಯೂ ಒಂದು. ಕಾರಣ ಫೈಟಾಫ್ತೊರಾ ರಮೋರಮ್ ಎಂಬ ಸೂಕ್ಷ್ಮಜೀವಿ.

ಮಲೆನಾಡಿನ, ಕರಾವಳಿಯ ಕೇಳುಗರಿಗೆ ಈ ಹೆಸರಿನ ಮೊದಲರ್ಧ ಹೊಸದಲ್ಲ. ನಮ್ಮ ಅಡಿಕೆಗೆ ಬರುವ ಕೊಳೆರೋಗವೂ ಇದೇ ಫೈಟಾಫ್ತೊರಾ ಕುಲದ ಜೀವಿಯಿಂದಲೇ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಕುರಿತು ವಿವರವಾದ ಅಧ್ಯಯನ ಪ್ರಕಟಿಸಿದರು. ಈ ಕುಲದ ಗುಣವೆಂದರೆ ಇದಕ್ಕೆ ನೀರು ಬೇಕು. ನೀರಿನಲ್ಲಿ ಈಜಬಲ್ಲ ಬೀಜಾಣುಗಳಿವೆ ಇದಕ್ಕೆ. ಮಳೆಹನಿಯ ಸಿಡಿತದಲ್ಲಿ, ಗಾಳಿಗೆ ತೇಲುವ ಮಂಜಿನಲ್ಲಿ, ಬೂಟಿಗೆ ಟೈರಿಗೆ ಮೆತ್ತಿದ ಕೆಸರಿನಲ್ಲಿ ಅದು ಮುಂದಕ್ಕೆ ಸಾಗುತ್ತದೆ. ಅಡಿಕೆಯ ಗೊನೆಗೆ ನಮ್ಮ ಹಿರಿಯರು ಕೊಟ್ಟೆ ಕಟ್ಟುತ್ತಿದ್ದರು; ಆಮೇಲೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಬಂತು. ಆದರೆ ಗುಡ್ಡದ ತುಂಬ ನಿಂತ ಕಾಡಿಗೆ ಯಾರು ಔಷಧಿ ಹೊಡೆದಾರು? ರೋಗ ಹಬ್ಬದಂತೆ ತಡೆಯಲು ಸೋಂಕಿತ ಮರವನ್ನೂ ಅದರ ಸುತ್ತಲಿನ ಲಾರ್ಚನ್ನೂ ಕಡಿಯುವುದೊಂದೇ ಉಪಾಯ. ಕಡಿಯಲೇಬೇಕೆಂದು ಕಾನೂನಿನ ನೋಟಿಸು ಬರುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಇದೇ ಜೀವಿಯಿಂದ ಓಕ್ ಜಾತಿಯ ಮರಗಳು ಹಠಾತ್ತನೆ ಸಾಯುವುದು 1995ರ ಹೊತ್ತಿಗೆ ಮೊದಲು ಗಮನಕ್ಕೆ ಬಂದದ್ದು ಕ್ಯಾಲಿಫೋರ್ನಿಯಾದ ಅದೇ ಮರಿನ್ ಕೌಂಟಿಯಲ್ಲಿ, ಮೌಂಟನ್ ಬೈಕ್ ಹುಟ್ಟಿದ ನೆಲದಲ್ಲಿ. ಹಾಗೆಂದು ಸೈಕಲ್ಲೇ ರೋಗವನ್ನು ಕಡಲು ದಾಟಿಸಿತು ಎಂದುಕೊಳ್ಳಬಾರದು. ಅಮೆರಿಕದ್ದೂ ಯುರೋಪಿನದೂ ಬೇರೆ ಬೇರೆ ತಳಿಗಳು. ದೇಶದಿಂದ ದೇಶಕ್ಕೆ ಇದು ಹರಡಿದ್ದು ಮುಖ್ಯವಾಗಿ ಅಲಂಕಾರದ ಗಿಡಗಳ ವ್ಯಾಪಾರದಿಂದ. ಆದರೆ ಒಂದು ಕಾಡಿನಿಂದ ಪಕ್ಕದ ಕಾಡಿಗೆ ಕೆಸರಿನ ಟೈರು ಒಯ್ಯಬಲ್ಲದು. ಅದಕ್ಕೇ ವೇಲ್ಸಿನ ಕಾಡುಗಳಲ್ಲಿ ಸವಾರರಿಗೆ ಒಂದು ಶಿಸ್ತು ಕಲಿಸುತ್ತಾರೆ: ಕಾಡಿಗೆ ಬರುವ ಮುನ್ನ, ಕಾಡಿನಿಂದ ಹೊರಟ ಮೇಲೆ, ಸೈಕಲ್ಲು ಬೂಟುಗಳ ಕೆಸರನ್ನು ಬ್ರಷ್ಷಿನಿಂದ ಕೆರೆದು, ತೊಳೆದು, ಒಣಗಿಸಿಕೊಳ್ಳಬೇಕು.

ಲಾರ್ಚ್ ಕಡಿಯಲು ದೊಡ್ಡ ಯಂತ್ರಗಳು ಕಾಡಿಗಿಳಿದವು. ಜಾಡುಗಳನ್ನು ಮುಚ್ಚಬೇಕಾಯಿತು. ಪೆನ್‌ಹಿದ್ ಎಂಬ ಹಳೆಯ ಜಾಡು ಹೀಗೆ ಮುಚ್ಚಿ, ಹೊಸದಾಗಿ ಕಟ್ಟಿದ ಮೇಲೆಯೇ ತೆರೆಯಿತು. ಮರ ಸಾಗಿಸಿ, ಸೊಪ್ಪುಸದೆ ಸರಿಸಿ, ಹಳೆಯ ಜಾಡನ್ನೇ ಗುಡಿಸಿಕೊಂಡರೆ ಸಾಲದೇ, ಮತ್ತೆ ಕಟ್ಟುವುದೇಕೆ ಎಂದು ನೀವು ಕೇಳಬಹುದು. ಈ ಮಾತಿನ ತಿರುಳು ಇರುವುದು ಆ ಪ್ರಶ್ನೆಯಲ್ಲೇ.

ದಟ್ಟ ಸೂಚಿಪರ್ಣಿ ಕಾಡಿನ ಮೇಲೆ ಬಿದ್ದ ವರ್ಷದ ಮಳೆಯಲ್ಲಿ ಕಾಲುಭಾಗಕ್ಕೂ ಹೆಚ್ಚು ನೀರು ನೆಲವನ್ನೇ ಮುಟ್ಟುವುದಿಲ್ಲ. ಎಲೆಯ ಮೇಲೆ ನಿಂತು, ಗಾಳಿಗೆ ಆವಿಯಾಗಿ ಹೋಗುತ್ತದೆ. ಮರ ಕಡಿದ ದಿನದಿಂದ ಆ ನೀರೆಲ್ಲ ನೇರವಾಗಿ ಮಣ್ಣಿಗೆ ಬೀಳುತ್ತದೆ. ಮಳೆ ನಿಂತ ಮೇಲೆ ಮಣ್ಣಿನ ನೀರನ್ನು ಹೀರುತ್ತಿದ್ದ ಬೇರೂ ಸತ್ತಿರುತ್ತದೆ. ಕೆಲವು ವರ್ಷಗಳಲ್ಲಿ ಆ ಬೇರು ಕೊಳೆತು ಒಳಗೆ ಪೊಳ್ಳಾಗುತ್ತದೆ. ಬೇರಿನ ಬಲದ ಮೇಲೆ ನಿಂತಿದ್ದ ಜಾಡಿನ ಅಂಚು ಕುಸಿಯುತ್ತದೆ. ಯಂತ್ರದ ಗಾಲಿ ಕೊರೆದ ಗುಂಡಿಗಳು ಹಳ್ಳದ ದಿಕ್ಕನ್ನೇ ಬದಲಿಸಿರುತ್ತವೆ. ಅಂದರೆ ಹಳೆಯ ಜಾಡು ನೆರಳಿನ ಕಾಡಿಗೆಂದು, ಅಲ್ಲಿ ಬೀಳುತ್ತಿದ್ದ ನೀರಿಗೆಂದು ಕಟ್ಟಿದ್ದು. ಕಾಡು ಹೋದ ಮೇಲೆ ಜಾಗ ಅದೇ ಆದರೂ ನೀರಿನ ಲೆಕ್ಕ ಬೇರೆ.

ಹೊಸದಾಗಿ ಕಟ್ಟುವವರು ಈ ಲೆಕ್ಕದಿಂದಲೇ ಶುರುಮಾಡುತ್ತಾರೆ. ಅವರು ಪಾಲಿಸುವ ಕೆಲವು ಸೂತ್ರಗಳು ಸರಳ. 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಇವನ್ನು ಜಗತ್ತಿಗೆಲ್ಲ ಹಬ್ಬಿಸಿತು.

ಮೊದಲನೆಯದು ಅರ್ಧದ ಸೂತ್ರ. ಜಾಡಿನ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಗುಡ್ಡ 100 ಅಡಿಗೆ 30 ಅಡಿ ಇಳಿಯುತ್ತಿದ್ದರೆ ಜಾಡು 100 ಅಡಿಗೆ 15 ಅಡಿಗಿಂತ ಹೆಚ್ಚು ಇಳಿಯಬಾರದು. ಮೀರಿದರೆ ನೀರು ಜಾಡನ್ನು ಅಡ್ಡ ದಾಟುವ ಬದಲು ಜಾಡನ್ನೇ ಹಿಡಿದು ಓಡುತ್ತದೆ; ನಾಲ್ಕು ಮಳೆಗಾಲದಲ್ಲಿ ಜಾಡು ಕೊರಕಲಾಗುತ್ತದೆ. ಒಟ್ಟು ಜಾಡಿನ ಸರಾಸರಿ ಇಳಿಜಾರು 100ಕ್ಕೆ 10ರ ಒಳಗಿದ್ದರೆ ಕ್ಷೇಮ.

ಎರಡನೆಯದು, ಜಾಡಿನ ಮೈಯನ್ನು ಕಣಿವೆಯ ಕಡೆಗೆ ತುಸು ಓರೆಯಾಗಿಸುವುದು. ಗುಡ್ಡದಿಂದ ಇಳಿದ ನೀರು ಜಾಡಿನ ಮೇಲೆ ತೆಳ್ಳಗೆ ಹಾಯ್ದು ಕೆಳಗೆ ಹೋಗಿಬಿಡಬೇಕು. ಇದಕ್ಕೆ ಗುಡ್ಡದ ಮಗ್ಗುಲನ್ನು ಗಟ್ಟಿ ನೆಲ ಸಿಗುವವರೆಗೂ ಕಡಿದು, ಕಡಿದ ನೆಲದ ಮೇಲೆಯೇ ಜಾಡು ಕೂರಿಸುತ್ತಾರೆ. ಅಗೆದ ಮಣ್ಣನ್ನು ಹೊರ ಅಂಚಿಗೆ ತುಂಬಿ ಅದರ ಮೇಲೆ ದಾರಿ ಮಾಡಿದರೆ ಮಳೆಗೆ ಜಾರಿಹೋಗುತ್ತದೆ.

ಮೂರನೆಯದು, ಇಳಿಯುತ್ತಾ ಹೋಗುವ ಜಾಡನ್ನು ನಡುನಡುವೆ ಕೊಂಚ ಮೇಲೇರಿಸುವುದು. ಏರು ಶುರುವಾಗುವ ತಗ್ಗಿನಲ್ಲಿ ನೀರು ನಿಂತುಕೊಳ್ಳದೆ ಪಕ್ಕಕ್ಕೆ ಹೊರಳಿ ಹೋಗುತ್ತದೆ. ಸವಾರನಿಗೆ ಇದು ಅಲೆಯ ಮೇಲೆ ತೇಲಿದಂಥ ಸುಖ ಕೊಡುತ್ತದೆ. ನೀರಿಗಾಗಿ ಮಾಡಿದ್ದೇ ಆಟಕ್ಕೂ ರುಚಿ ತಂದಿತು. ಈ ವಿದ್ಯೆಯಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಇದು.

ಇದರ ಜೊತೆಗೆ ಮೇಲ್ಮಣ್ಣಿನ ಪ್ರಶ್ನೆ. ಉದುರಿದ ಎಲೆ ಕೊಳೆತ ಕಪ್ಪು ಮಣ್ಣು ಗಿಡಕ್ಕೆ ಹಬ್ಬ, ಟೈರಿಗೆ ಕೆಸರು. ಅದನ್ನು ಕೆರೆದು ತೆಗೆದು, ಕಲ್ಲುಗಣಿಯ ಜಲ್ಲಿಯನ್ನು ಪದರಪದರವಾಗಿ ಹಾಕಿ, ಯಂತ್ರದಿಂದ ಒತ್ತಿ ಗಟ್ಟಿಮಾಡುತ್ತಾರೆ. ಕಡಿದಾದ ಕಡೆ, ನೀರು ಜಿನುಗುವ ಕಡೆ, ದೊಡ್ಡ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಒತ್ತೊತ್ತಾಗಿ ಹೂಳುತ್ತಾರೆ. ತಿರುವಿನಲ್ಲಿ ಹೊರ ಅಂಚನ್ನು ಬೋಗುಣಿಯಂತೆ ಎತ್ತರಿಸುತ್ತಾರೆ. ಅದನ್ನು ಬರ್ಮ್ ಎನ್ನುತ್ತಾರೆ. ಸಣ್ಣ ಅಗೆಯುವ ಯಂತ್ರ ಒರಟು ಕೆಲಸ ಮಾಡಿಕೊಟ್ಟರೂ ಕೊನೆಯ ಹದ ಬರುವುದು ಗುದ್ದಲಿ, ಕುಂಟೆ ಹಿಡಿದ ಕೈಯಿಂದಲೇ. ಬಹಳ ಕಡೆ ಆ ಕೈಗಳು ವಾರಾಂತ್ಯದಲ್ಲಿ ಬಂದು ದುಡಿಯುವ ಸ್ಥಳೀಯ ಸವಾರರವೇ.

ಹೀಗೆ ಹೊಸದಾಗಿ ಕಟ್ಟಿದ ಜಾಡಿನಲ್ಲಿ ಸವಾರಿ ಹೇಗಿರುತ್ತದೆ? ಮೊದಲ ತಿಂಗಳುಗಳಲ್ಲಿ ಜಲ್ಲಿ ಇನ್ನೂ ಸಡಿಲ. ಮಳೆಯೂ ಟೈರುಗಳೂ ಸೇರಿ ಅದನ್ನು ಕೂರಿಸಬೇಕು. ಕತ್ತಲೆಯ ಕಾಡು ಇದ್ದಲ್ಲಿ ಈಗ ಬಯಲು, ಬೆಳಕು, ಎದುರು ಗುಡ್ಡದವರೆಗೆ ನೋಟ, ಜೊತೆಗೆ ಅಡ್ಡಗಾಳಿ. ಸವಾರ ಸೀಟಿನಿಂದ ಎದ್ದು, ಎರಡು ಪೆಡಲ್ಲನ್ನೂ ಒಂದೇ ಮಟ್ಟಕ್ಕೆ ತಂದು, ಮೊಣಕಾಲು ಮೊಣಕೈಗಳನ್ನು ಬಾಗಿಸಿ ನಿಲ್ಲುತ್ತಾನೆ. ಕಣ್ಣು ಮುಂಚಕ್ರದ ಮೇಲಲ್ಲ, ತಿರುವಿನ ಆಚೆಗೆ. ಬ್ರೇಕು ತಿರುವಿಗೆ ಮುಂಚೆ. ತಿರುವಿನೊಳಗೆ ಚಕ್ರವನ್ನು ಉರುಳಲು ಬಿಡಬೇಕು. ಇದು ಸುರಕ್ಷತೆಯ ಪಾಠವಷ್ಟೇ ಅಲ್ಲ. ತಿರುವಿನಲ್ಲಿ ಬ್ರೇಕು ಬಿಗಿದು ಚಕ್ರ ಜಾರಿಸಿದರೆ ಜಲ್ಲಿ ಎದ್ದುಹೋಗಿ, ಆ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಹಾಗೆಯೇ ಜಾಡಿನ ಮೇಲೆ ನೀರು ನಿಂತಿದ್ದರೆ ಪಕ್ಕದಿಂದ ಸುತ್ತಿಹೋಗದೆ ನಡುವೆಯೇ ಹಾಯಬೇಕು. ಎಲ್ಲರೂ ಪಕ್ಕಕ್ಕೆ ಹೋದರೆ ಒಂದಡಿಯ ಜಾಡು ಹತ್ತಡಿಯ ಕೆಸರುಗದ್ದೆಯಾಗುತ್ತದೆ. ಒಳ್ಳೆಯ ಸವಾರಿ ಎಂದರೆ ಜಾಡಿಗೆ ಅತಿ ಕಡಿಮೆ ಪೆಟ್ಟು ಕೊಡುವ ಸವಾರಿಯೂ ಹೌದು.

ಕಡಿದ ಗುಡ್ಡಗಳಲ್ಲಿ ಈಗ ಮರ ನೆಡುವಾಗ ಒಂದೇ ಜಾತಿಯನ್ನು ನೆಚ್ಚಿಕೊಳ್ಳದೆ ಹಲವು ಜಾತಿಗಳನ್ನು ಬೆರೆಸಬೇಕೆಂಬ ಪಾಠವನ್ನು ವೇಲ್ಸ್ ಕಲಿತಿದೆ. ಒಂದಕ್ಕೆ ರೋಗ ಬಂದರೂ ಇಡೀ ಗುಡ್ಡ ಬೋಳಾಗಬಾರದು. ಆ ಸಸಿಗಳು ಬೆಳೆದಂತೆ ನೀರಿನ ಲೆಕ್ಕ ಮತ್ತೆ ಬದಲಾಗುತ್ತದೆ, ಜಾಡನ್ನೂ ಮತ್ತೆ ತಿದ್ದಬೇಕಾಗುತ್ತದೆ. ಕೆಲಸ ಮುಗಿಯಿತು ಎನ್ನುವ ದಿನ ಇಲ್ಲಿಲ್ಲ.

ನಮ್ಮಲ್ಲಿಗೆ ಇದರಿಂದ ಏನು ಬರಬೇಕು? ಮೊದಲೇ ಒಂದು ಎಚ್ಚರಿಕೆ: ವೇಲ್ಸಿನ ಆ ಕಾಡು ಕೊಯ್ಲಿಗೆಂದು ನೆಟ್ಟ ಕಾಡು. ನಮ್ಮ ಪಶ್ಚಿಮಘಟ್ಟ ಹಾಗಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಸೈಕಲ್ ಇಳಿಸುವುದಾಗಲಿ, ಜಾಡು ಕಡಿಯುವುದಾಗಲಿ ತಪ್ಪು. ಬೆಂಗಳೂರಿನಂಥ ನಗರದ ಅಂಚಿನಲ್ಲಿ ಉಳಿದಿರುವ ತುರಹಳ್ಳಿಯಂಥ ತುಂಡು ಕಾಡಿಗೂ ಈ ಮಾತು ಸಲ್ಲುತ್ತದೆ. ನಾನು ಬಯಸುವುದು ಆ ಸೈಕಲ್ ಜಾಡಿನ ನಕಲನ್ನಲ್ಲ, ಅದರ ಹಿಂದಿನ ವಿದ್ಯೆಯನ್ನು. ಕುಮಾರಪರ್ವತಕ್ಕೆ, ಕುದುರೆಮುಖಕ್ಕೆ ಹತ್ತುವ ಚಾರಣದ ದಾರಿಗೂ, ತೋಟದಿಂದ ಮನೆಗೆ ಬರುವ ಗುಡ್ಡದ ದಾರಿಗೂ ಮಳೆಯ ನಿಯಮ ಒಂದೇ. ನೇರವಾಗಿ ಗುಡ್ಡ ಹತ್ತಿಸಿದ ದಾರಿ ಹಳ್ಳವಾಗುತ್ತದೆ, ಓರೆಯಾಗಿ ಸುತ್ತಿಸಿದ್ದು ಉಳಿಯುತ್ತದೆ. ಬಸಿಗಾಲುವೆ ತೆಗೆಯದೆ ಅಡಿಕೆ ತೋಟ ಮಾಡುವ ರೈತ ನಮ್ಮ ಮಲೆನಾಡಿನಲ್ಲಿ ಅಪರೂಪ. ಆ ತಿಳಿವಳಿಕೆಯನ್ನು ನಾವು ದಾರಿಗೆ ಮಾತ್ರ ಅನ್ವಯಿಸುತ್ತಿಲ್ಲ.

ನಮ್ಮ ಪ್ರವಾಸಿ ತಾಣಗಳಲ್ಲಿ ದಾರಿ ಮಾಡುವಾಗ ಹಣವೆಲ್ಲ ಮೊದಲ ವರ್ಷದ ಕಾಮಗಾರಿಗೆ ಹೋಗುತ್ತದೆ. ಎರಡನೇ ಮಳೆಗಾಲದಲ್ಲಿ ಗುದ್ದಲಿ ಹಿಡಿದು ಬರುವವರು ಇರುವುದಿಲ್ಲ. ಆದ್ದರಿಂದ ಒಂದು ಬೇಡಿಕೆ ಇಡುತ್ತೇನೆ. ಗುಡ್ಡದ ಯಾವ ದಾರಿಯನ್ನೇ ಯೋಜಿಸಲಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಮೊದಲು ಆಗಲಿ. ಪ್ರತಿ ಮಳೆಗಾಲದ ಹಿಂದೆ ಮುಂದೆ ಅದನ್ನು ನೋಡಿಕೊಳ್ಳಲು ಜನ ಮತ್ತು ಹಣ ಮೀಸಲಿರಲಿ. ಆ ದಾರಿ ಬಳಸುವವರು ವರ್ಷಕ್ಕೊಂದು ದಿನವಾದರೂ ಅದಕ್ಕೆ ಮೈಬಗ್ಗಿಸಿ ದುಡಿಯುವ ವ್ಯವಸ್ಥೆ ಇರಲಿ. ಗಣಿಯನ್ನೂ ಮರವನ್ನೂ ಕಳೆದುಕೊಂಡ ಒಂದು ಕಣಿವೆ ಇಷ್ಟನ್ನು ಮಾಡಿಕೊಂಡಿದೆ. ಅದಕ್ಕಿಂತ ಎಷ್ಟೋ ಪಟ್ಟು ಸಿರಿವಂತ ಕಾಡನ್ನು, ಮಳೆಯನ್ನು ಪಡೆದಿರುವ ನಮ್ಮಿಂದ ಅದು ಖಂಡಿತ ಸಾಧ್ಯ.