ಗೆಲುವಾಗಿ



ಊರಿಗೆ ಕಾಗದ ಬರೆಯುವಾಗ ನಾವು 'ಇಲ್ಲಿ ಸೌಖ್ಯ' ಎಂದು ಆರಂಭಿಸುತ್ತಿದ್ದೆವು. ತಾಯಿ ಊರಿಗೆ ಬಂದವರನ್ನು ಕೇಳುತ್ತಿದ್ದುದು ಬೇರೆ: 'ಮಗ ಗೆಲುವಾಗಿದ್ದಾನೆಯೆ?' ಸೌಖ್ಯ ಮೈಯ ಸುದ್ದಿ, ಗೆಲುವು ಮನಸ್ಸಿನ ಸುದ್ದಿ. ಆ ಒಂದು ಮಾತನ್ನು ಇಂದು ನಾವು ಬಿಡಿಸಿ ನೋಡೋಣ.

'ಗೆಲ್' ಎಂಬುದು ಹಳೆಯ ಧಾತು. ತಮಿಳಿನ 'ವೆಲ್', ತೆಲುಗಿನ 'ಗೆಲುಚು' ಅದರ ಒಡಹುಟ್ಟುಗಳು. ಅದರಿಂದ 'ಗೆಲುವು' ಬಂತು. ಅದಕ್ಕೆ 'ಆಗಿ' ಸೇರಿದರೆ, 'ನಿಧಾನವಾಗಿ' ಎಂಬಂತೆ, ಕೆಲಸದ ರೀತಿಯನ್ನು ಹೇಳುವ ಕ್ರಿಯಾವಿಶೇಷಣವಾಯಿತು. ಹುಟ್ಟಿನಲ್ಲಿ ಜಯವೆಂದು ಅರ್ಥ, ಬಳಕೆಯಲ್ಲಿ ಉಲ್ಲಾಸ ಮತ್ತು ಭರವಸೆ. 'ಗೆಲುವಾಗಿ ಬಂದ' ಎಂದರೆ ಪದಕ ತಂದನೆಂದಲ್ಲ, ಮುಖ ಅರಳಿತ್ತೆಂದು. ಆಟದಲ್ಲಿ ಸೋತವನೂ ಗೆಲುವಾಗಿ ಮನೆಗೆ ಬರಬಹುದು!

ಜ್ವರ ಬಿಟ್ಟ ಮಗು ಗಂಜಿ ಕುಡಿದು ಎದ್ದು ಕುಳಿತರೆ 'ಮಗು ಗೆಲುವಾಗಿದೆ' ಎನ್ನುತ್ತೇವೆ. ಬಾಡಿದ ಗಿಡ ನೀರು ಕಂಡು ಗೆಲುವಾಗುತ್ತದೆ. ಎರಡು ಕಡೆಯೂ ಮೊದಲೊಂದು ಬಳಲಿಕೆಯಿದೆ. 'ಸಂತೋಷವಾಗಿ' ಎನ್ನಲು ಹಿಂದೆ ಕಷ್ಟವಿರಬೇಕೆಂದಿಲ್ಲ. 'ಗೆಲುವಾಗಿ' ಎನ್ನುವಾಗ ಮಾತ್ರ ಕಷ್ಟದ ನೆನಪು ಹೆಚ್ಚಾಗಿ ಬೆನ್ನ ಹಿಂದೆಯೇ ನಿಂತಿರುತ್ತದೆ.

ಆದ್ದರಿಂದ ಈ ಮಾತನ್ನು ಅಪ್ಪಣೆಯಾಗಿ ಕೊಡಲು ಬಾರದು. ಹದಿನಾಲ್ಕು ತಾಸು ನಿಂತ ಹುಡುಗನಿಗೆ ಗಲ್ಲೆಯ ಮೇಲಿಂದ 'ಇನ್ನೊಂದು ತಾಸು ನಿಲ್ಲು' ಎನ್ನಬಹುದು, ಅವನು ನಿಂತಾನು. 'ಗೆಲುವಾಗಿ ನಿಲ್ಲು' ಎಂದರೆ? ನೀರು ಹಾಕದೆ ಗಿಡವನ್ನು ಗದರಿಸಿದಂತಾಯಿತು. ಗಿರಾಕಿಯೆದುರಿನ ನಗು ಕೆಲಸದ ಭಾಗವಿರಬಹುದು, ಗೆಲುವು ಅದಲ್ಲ. ಅದಕ್ಕೆ ಸರಿಯಾದ ಸಂಬಳ ಬೇಕು, ನಿದ್ದೆ ಬೇಕು, ವಾರಕ್ಕೊಂದು ರಜೆ ಬೇಕು.

ನಾವು ನಾವೇ ಆಡಿಕೊಳ್ಳುವಾಗಲೂ ಎಚ್ಚರ ಬೇಕು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಯಿತು. ಅದು ವರ್ಷ ಮೀರಿತು. ಸಾವಿರಾರು ಮಂದಿಗೆ ಹೋದ ಕೆಲಸ ಮರಳಿ ಬರಲಿಲ್ಲ. ಅಂಥ ಮನೆಯ ಬಾಗಿಲಲ್ಲಿ ನಿಂತು 'ಗೆಲುವಾಗಿರಿ' ಎಂದಷ್ಟೇ ಹೇಳಿದರೆ ಅದು ಒಣಮಾತು. ಒಂದು ಸೇರು ಅಕ್ಕಿ ಇಟ್ಟು, ಮಗುವಿನ ಶಾಲೆಯ ಫೀ ಕಟ್ಟಿ, ಅನಂತರ ಹೇಳಿದರೆ ಅದೇ ಮಾತು ಬೇರು ಬಿಡುತ್ತದೆ.

ಕೆಲಸಗಾರರ ಸಂಘಗಳು ಹುಟ್ಟಿದ್ದು ಇದಕ್ಕೇ ಅಲ್ಲವೆ? ಒಬ್ಬನೇ ಗೆಲುವಾಗಿರುವುದು ಕಷ್ಟ. ಪಕ್ಕದ ಹಾಸಿಗೆಯವನು ಜ್ವರದಲ್ಲಿ ಮಲಗಿರುವಾಗ ಅದು ಚೆಂದವೂ ಅಲ್ಲ. ಮುಂದಿನ ಸಲ ಊರಿನಿಂದ ಆ ಪ್ರಶ್ನೆ ಬಂದಾಗ 'ಗೆಲುವಾಗಿದ್ದೇನೆ' ಎನ್ನುವ ಮೊದಲು ಪಕ್ಕದವನ ಮುಖ ನೋಡೋಣ. 'ಗೆಲುವಾಗಿದ್ದೇವೆ' ಎಂದು ಸುಳ್ಳಿಲ್ಲದೆ ಹೇಳುವಂತಾಗಲಿ.