ಅಳೆಯುವ ಕೋಲು ಸರಿಯಿದೆಯೇ?

(ಮಹಿಳಾ ದಿನಾಚರಣೆಯಂದು ನೆರೂಳದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಐಟಿಯವರು, ಎಂ.ಟೆಕ್ ಮಾಡಿದ್ದೀರಿ, ಕೃತಕ ಬುದ್ಧಿಮತ್ತೆಯ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂದರು. ವಿಷಯ ಸ್ವಲ್ಪ ಬದಲಿಸಲು ಅವರ ಒಪ್ಪಿಗೆ ಪಡೆದಿದ್ದೇನೆ. ನಾನು ಇವತ್ತು ಹೇಳುವುದು ನನ್ನ ಮಗಳ ಬುದ್ಧಿಯನ್ನು ಅಳೆದ ಕಥೆ.

ನಿಮ್ಮಲ್ಲಿ ಅನೇಕರಿಗೆ ಅವಳು ಗೊತ್ತು. ಈಗ ಆರು ವರ್ಷ. ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಮೆದುಳು ಇನ್ನೂ ಬೆಳೆಯುತ್ತಿರುವಾಗಲೇ ಅದಕ್ಕೆ ಪೆಟ್ಟಾಗಿ ಚಲನೆಗೆ, ಮೈಯ ಹಿಡಿತಕ್ಕೆ ಬರುವ ತೊಂದರೆ ಅದು. ಕೆಲವು ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗುತ್ತದೆ, ಕೆಲವರಲ್ಲಿ ಇಲ್ಲ. ಯಾರಲ್ಲಿ ಹೌದು, ಯಾರಲ್ಲಿ ಅಲ್ಲ ಎಂದು ತಿಳಿಯಲಿಕ್ಕೇ ಪರೀಕ್ಷೆಗಳಿರುವುದು.

ಅವಳಿಗೆ ನಾಲ್ಕೂವರೆ ವರ್ಷವಿದ್ದಾಗ ಒಂದು ಕಡೆ ಪರೀಕ್ಷೆ ಮಾಡಿಸಿದೆವು. ಮುಂದೆ ಸೆಗಿನ್ ಫಾರ್ಮ್ ಬೋರ್ಡ್ ಇಟ್ಟರು. ಮರದ ಹಲಗೆ, ಹತ್ತು ಆಕಾರದ ಗುಳಿಗಳು, ಹತ್ತು ತುಂಡುಗಳು. ಮಗು ಅವನ್ನು ಎಷ್ಟು ಬೇಗ ಕೂರಿಸುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ನೋಡುತ್ತಾರೆ. ಮೂರು ಸಲ ಮಾಡಿಸಿ, ಅದರಲ್ಲಿ ಕಡಿಮೆ ಹೊತ್ತು ಹಿಡಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಮಗಳ ಬೆರಳು ಬಿಗಿ. ನಕ್ಷತ್ರದ ತುಂಡು ಹಿಡಿದು ಅವಳು ನಕ್ಷತ್ರದ ಗುಳಿಯನ್ನೇ ನೋಡುತ್ತಿದ್ದಳು. ಕೈ ಮಾತ್ರ ಬೇರೆ ಕಡೆ ಹೋಗುತ್ತಿತ್ತು. ಆಮೇಲೆ ಚಿತ್ರ ತೋರಿಸಿ ಹಿಂದಿಯಲ್ಲಿ "ತಾಲಾ ಎಲ್ಲಿದೆ" ಎಂದರು. ನಮ್ಮದು ಧಾರವಾಡದ ಮನೆ, ಅವಳಿಗೆ ಗೊತ್ತಿರುವುದು ಕೀಲಿ.

ವರದಿಯಲ್ಲಿ ಒಂದು ಅಂಕಿ ಬಂತು. ಆ ಅಂಕಿ ನೋಡಿ ಒಂದು ಶಾಲೆ ಅವಳನ್ನು ಸೇರಿಸಿಕೊಳ್ಳಲಿಲ್ಲ. ನಮ್ಮ ಅತ್ತೆಯವರು ಸಿಟ್ಟಿನಿಂದ, "ಬೆಲ್ಲ ಯಾವ ಡಬ್ಬ್ಯಾಗ ಐತಿ ಅಂತ ಅಕೀಗೆ ಗೊತ್ತೈತಿ, ಇವ್ರಿಗೇನ್ ಗೊತ್ತೈತಿ?" ಅಂದರು. ನಾನು ಅಷ್ಟು ಧೈರ್ಯದಿಂದ ಹೇಳಲಿಲ್ಲ. ಎರಡು ತಿಂಗಳು ಆ ಕಾಗದವನ್ನು ನಂಬಿದೆ. ಅದೇ ಈಗಲೂ ನನ್ನನ್ನು ಕುಟುಕುವುದು. ಏಕೆಂದರೆ ನನ್ನ ಕೆಲಸವೇ ಮಾದರಿಗಳನ್ನು ಪರೀಕ್ಷಿಸುವುದು. ಆಫೀಸಿನಲ್ಲಿ ಯಾರಾದರೂ ಒಂದು ಅಂಕಿ ತಂದರೆ, "ಇದು ನಿಜವಾಗಿ ಏನನ್ನು ಅಳೆಯಿತು?" ಎಂದು ಮೊದಲು ಕೇಳುವವಳೇ ನಾನು. ಮನೆಯಲ್ಲಿ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಆ ಹಲಗೆ ಅಳೆದದ್ದು ಅವಳ ಕೈಯ ವೇಗವನ್ನು.

ಈ ಮಾತು ನಮ್ಮ ನಾಡಿಗೆ ಹೊಸದಲ್ಲ. ಧಾರವಾಡ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1934ರಲ್ಲಿ, ವಿ.ವಿ. ಕಾಮತ್ ಎಂಬವರು 1916ರ ಸ್ಟಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬರೀ ಅನುವಾದ ಮಾಡಿ ಬಿಡಲಿಲ್ಲ. ಇಲ್ಲಿನ ಮಕ್ಕಳಿಗೆ ಕೊಟ್ಟು ನೋಡಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುತ್ತದೆ ಎಂದು ಗೊತ್ತುಮಾಡಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಕನ್ನಡ, ಮರಾಠಿ ಎರಡನ್ನೂ ಬಾಯಲ್ಲಿಟ್ಟುಕೊಂಡು ಬದುಕುವ ನಾವು ಅವರ ಹೆಸರನ್ನಾದರೂ ತಿಳಿದಿರಬೇಕು. ಆದರೆ ಅದೂ ಬಾಯಿಬಿಟ್ಟು ಉತ್ತರ ಹೇಳಬಲ್ಲ ಮಗುವಿಗೆ ಮಾಡಿದ್ದು.

ಮುಂದೆ ಸಿಕ್ಕ ಮನಶ್ಶಾಸ್ತ್ರಜ್ಞೆ ರೇವನ್‌ರ ಬಣ್ಣದ ಮಾದರಿಗಳ ಪರೀಕ್ಷೆಯನ್ನು ತೆಗೆದರು. ಒಂದು ವಿನ್ಯಾಸದಲ್ಲಿ ಒಂದು ತುಣುಕು ಇಲ್ಲ, ಕೆಳಗಿನ ಆರರಲ್ಲಿ ಸರಿಯಾದದ್ದನ್ನು ಆರಿಸಬೇಕು. ಮಗಳು ಕಣ್ಣಿನಿಂದ ತೋರಿಸಿದಳು. ಗಡಿಯಾರವನ್ನು ಅವರು ಚೀಲದೊಳಗೆ ಇಟ್ಟುಬಿಟ್ಟಿದ್ದರು. ಫಲಿತಾಂಶ ಎಷ್ಟು ಬೇರೆ ಬಂತೆಂದರೆ ನಾನು ಲಿಫ್ಟಿನಲ್ಲಿ ಅತ್ತೆ. ಆದರೂ ಅವರು ವರದಿಯಲ್ಲಿ ಒಂದು ಸಾಲು ಸೇರಿಸಿದ್ದರು: ಉತ್ತರಿಸುವ ರೀತಿ ಬದಲಿಸಿರುವುದರಿಂದ ಹಳೆಯ ಕೋಷ್ಟಕದ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಕಣ್ಣಿನಿಂದ ಉತ್ತರಿಸುವ ಮಕ್ಕಳಿಗೆ ಈ ಪರೀಕ್ಷೆ ಎಷ್ಟು ಸರಿ ಎಂದು ಅಂಥ ಮಕ್ಕಳ ಮೇಲೆಯೇ ಪರಿಶೀಲಿಸಬೇಕು. ಅದನ್ನೇ ಸಿಂಧುತ್ವ ಪರಿಶೀಲನೆ ಎನ್ನುತ್ತಾರೆ.

ಅವರ ಪರಿಚಯದಿಂದಲೇ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ತಾಯಂದಿರಿಗೆ ಕೇಳುವ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದರು, ನಾನು ಭಾನುವಾರಗಳಲ್ಲಿ ಸೇರಿಕೊಂಡೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ವಾಪಸ್ ತರಬೇಕು. ಇಷ್ಟು ಸಲೀಸಾಗಿ ಆಯಿತು. ತಾಯಂದಿರ ಮುಂದೆ ಇಟ್ಟಾಗ ಕಷ್ಟ ಶುರುವಾಯಿತು.

"ಮಗು ಊಟ ಮಾಡುತ್ತದೆಯೇ?" "ಹೂಂ, ಚೆನ್ನಾಗಿ ಮಾಡ್ತಾಳೆ." "ತನ್ನ ಕೈಯಿಂದಲೇ?" "ಇಲ್ಲಪ್ಪ, ಕೈ ನಂದು."

ನಗಬೇಡಿ, ನಾನೂ ಹಾಗೇ ಉತ್ತರಿಸಿದ್ದೆ. ನಾವು ತಿನ್ನಿಸಿದರೂ ಕನ್ನಡದಲ್ಲಿ ಊಟ ಮಾಡುವುದು ಮಗುವೇ. ಇನ್ನೊಂದು, "ಮಾಡಬಲ್ಲನೇ" ಮತ್ತು "ದಿನವೂ ಮಾಡುತ್ತಾನೆಯೇ" ಎಂಬ ಅಂತರ. ಪ್ಯಾಲಿಸಾನೊ, ರೋಸೆನ್‌ಬಾಮ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಜಿಎಂಎಫ್‌ಸಿಎಸ್ ಎಂಬ ಐದು ಹಂತಗಳ ವರ್ಗೀಕರಣ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಮಗು ಒಂದು ದಿನ ಮಾಡಿ ತೋರಿಸಿದ ಸಾಹಸ ಅದಕ್ಕೆ ಬೇಡ, ಮನೆಯಲ್ಲಿ, ಶಾಲೆಯಲ್ಲಿ, ಹೊರಗೆ ಸಾಮಾನ್ಯವಾಗಿ ಹೇಗೆ ಓಡಾಡುತ್ತದೆ ಎಂಬುದೇ ಬೇಕು. ಆದರೆ ಯಾವ ತಾಯಿಗೆ ತಾನೇ ಆ ಒಂದು ದಿನ ಮರೆಯುತ್ತದೆ?

ಪದಗಳ ಜಗಳ ಬೇರೆ. ಹೊಟ್ಟೆಯ ಮೇಲೆ ಸರಿಯುವುದಕ್ಕೆ ತೆವಳುವುದು, ಕೈ-ಮಂಡಿ ಊರಿ ಹೋಗುವುದಕ್ಕೆ ಅಂಬೆಗಾಲು ಎಂದು ನಾವು ಬರೆದಿದ್ದೆವು. ಇಬ್ಬರು ತಾಯಂದಿರು ಎರಡೂ ಒಂದೇ ಅಂದರು. ಮೈಸೂರಿನ ಬೀಗ ನಮಗೆ ಕೀಲಿ, ಇನ್ನು ಕೆಲವರಿಗೆ ಕೀಲಿ ಅಂದರೆ ಅದನ್ನು ತೆರೆಯುವ ಕೈ. ವಿದೇಶಿ ಪ್ರಶ್ನಾವಳಿಗಳಲ್ಲಿ ಸ್ನಾನದ ತೊಟ್ಟಿಯೊಳಗೆ ಇಳಿಯುವ ಪ್ರಶ್ನೆಗಳಿರುತ್ತವೆ. ನಮ್ಮ ಒನ್ ಬಿಎಚ್‌ಕೆ ಬಾತ್‌ರೂಮಿನಲ್ಲಿ ಬಕೆಟ್ ಇಟ್ಟರೆ ಮಗು ಕೂರಲು ಜಾಗ ಸಾಲದು! ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ನಮಗೆ ಬೇಕು.

ಒಂದೇ ಒಂದು ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ನೂರು ಮಕ್ಕಳಲ್ಲಿ 90 ಮಕ್ಕಳು ನಡೆಯುತ್ತಾರೆ ಎಂದುಕೊಳ್ಳಿ. ಇಬ್ಬರು ಪರೀಕ್ಷಕರು ಮಗುವನ್ನು ನೋಡದೆಯೇ, ಚೀಟಿ ಎತ್ತಿದಂತೆ, ತಲಾ 90 ಸಲ "ನಡೆಯುತ್ತದೆ" ಎಂದರೂ ಸುಮಾರು 82 ಸಲ ಇಬ್ಬರ ಉತ್ತರ ಒಂದೇ ಆಗುತ್ತದೆ. ಹಾಗಾಗಿ "ಶೇ. 82 ಹೊಂದಾಣಿಕೆ" ಎಂದು ಬರೆದಿದ್ದರೆ ನಂಬಬೇಡಿ. ಈ ಆಕಸ್ಮಿಕದ ಪಾಲನ್ನು ಕಳೆದು ನೋಡುವ ಕಪ್ಪಾ ಎಂಬ ಅಳತೆಯನ್ನು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟರು. ಆಫೀಸಿನಲ್ಲಿ ನಾನು ದಿನಾ ಬಳಸುವುದೂ ಅದನ್ನೇ.

ನಮ್ಮ ಪ್ರಶ್ನಾವಳಿ ಇನ್ನೂ ಅರ್ಧ ದಾರಿಯಲ್ಲಿದೆ. ಇದುವರೆಗೆ 11 ತಾಯಂದಿರು ಕೂತು ಉತ್ತರಿಸಿದ್ದಾರೆ, ಹೆಚ್ಚಿನವರು ಉತ್ತರ ಕರ್ನಾಟಕದವರು, ಮೂವರು ಕರಾವಳಿಯವರು. ಹಾಸನ, ಮಂಡ್ಯ, ಮೈಸೂರು ಕಡೆಯವರು ಒಬ್ಬರೂ ಸಿಕ್ಕಿಲ್ಲ. ಡೊಂಬಿವಿಲಿ, ಕಲ್ಯಾಣದಲ್ಲಿ ನಿಮಗೆ ಗೊತ್ತಿರುವ ಮನೆಗಳಿದ್ದರೆ ತಿಳಿಸಿ, ನಾವೇ ಬರುತ್ತೇವೆ. ಪ್ರಶ್ನಾವಳಿಯನ್ನು ಎರಡು ವಾರ ಬಿಟ್ಟು ಮತ್ತೊಮ್ಮೆ ತುಂಬಿಸಬೇಕಾಗುತ್ತದೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ಊಟದ ಹೊತ್ತಿಗೆ ನಾನು ಹಿಂದಿನ ಸಾಲಿನಲ್ಲಿ ಮಗಳ ಪಕ್ಕ ಇರುತ್ತೇನೆ. ಅವಳನ್ನು ಏನಾದರೂ ಕೇಳಿ, ಕೇಳಿದ ಮೇಲೆ ಸ್ವಲ್ಪ ಕಾಯಿರಿ.