ಪೊಲೀಸ್ ನಾಯಿ ಬಂದಾಗ

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಹೋದ ವಾರ ನಾವು ಪೇಪರ್ ಓದುವ ಪಾಠ ಮಾಡಿದೆವು. ಅದರಲ್ಲಿ ಕಳ್ಳತನದ ಒಂದು ಸುದ್ದಿ ಇತ್ತು. ‘ಸ್ಥಳಕ್ಕೆ ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಬಂದು ಪರಿಶೀಲಿಸಿದರು’ ಎಂದು ಕೊನೆಗೆ ಬರೆದಿತ್ತು. ‘ಶ್ವಾನ ಅಂದ್ರೆ ಏನು ಮೇಷ್ಟ್ರೇ?’ ಎಂದು ಒಬ್ಬ ಅಜ್ಜಿ ಕೇಳಿದರು. ಶ್ವಾನ ಅಂದರೆ ನಾಯಿ. ದಳ ಅಂದರೆ ಪಡೆ. ಶ್ವಾನದಳ ಅಂದರೆ ನಾಯಿಪಡೆ. ಬರೀ ನಾಯಿ ಅಂತ ಬರೆದರೆ ಪೇಪರಿನವರಿಗೆ ತೂಕ ಕಡಿಮೆ ಅನ್ನಿಸುತ್ತೋ ಏನೋ! ಆ ಅಜ್ಜಿ ಕೇಳಿದ್ದಕ್ಕೇ ಈ ದಿನ ಇದರ ಬಗ್ಗೆ ಮಾತಾಡೋಣ ಎಂದುಕೊಂಡೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಮ್ಮಂಥ ಸಣ್ಣ ಪೇಟೆಯ ಠಾಣೆಯಲ್ಲಿ ಪೊಲೀಸ್ ನಾಯಿ ಇರುವುದಿಲ್ಲ. ಅದು ಇರುವುದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿ ಸಶಸ್ತ್ರ ಮೀಸಲು ಪಡೆಯ ಆವರಣದಲ್ಲಿ ಅದಕ್ಕೆ ಗೂಡು ಕಟ್ಟಿರುತ್ತಾರೆ. ಇಲ್ಲಿ ರಾತ್ರಿ ಕಳ್ಳತನ ಆಯ್ತು ಅನ್ನಿ. ಬೆಳಿಗ್ಗೆ ನಮಗೆ ಗೊತ್ತಾಗುತ್ತೆ. ನಾವು ಠಾಣೆಗೆ ಹೇಳಬೇಕು. ಠಾಣೆಯವರು ಜಿಲ್ಲೆಗೆ ಹೇಳಬೇಕು. ಅಲ್ಲಿಂದ ನಾಯಿಯನ್ನು ಗಾಡಿಗೆ ಹತ್ತಿಸಿಕೊಂಡು ಬರಬೇಕು. ಇಷ್ಟಕ್ಕೆ ಎರಡು ಗಂಟೆಯಾದರೂ ಆಗಿಹೋಗುತ್ತೆ. ಆ ಎರಡು ಗಂಟೆಯಲ್ಲಿ ನಾವು ಏನು ಮಾಡ್ತೀವಿ? ಅದನ್ನು ಆಮೇಲೆ ಹೇಳುತ್ತೇನೆ.

ನಾಯಿಯ ಮೂಗು ಎಂಥಾದ್ದು ನೋಡಿ. ವಾಸನೆ ಹಿಡಿಯುವುದಕ್ಕೆ ನಮ್ಮ ಮೂಗಿನೊಳಗೆ ಕಣ್ಣಿಗೆ ಕಾಣದ ಸಣ್ಣ ಕಣಗಳಿವೆ. ನಮಗೆ ಅವು ಸುಮಾರು 50-60 ಲಕ್ಷ. ನಾಯಿಗೆ ಇಪ್ಪತ್ತು, ಮೂವತ್ತು ಕೋಟಿ. ಅಡುಗೆ ಮನೆಯಿಂದ ಸಾರಿನ ವಾಸನೆ ಬಂದರೆ ‘ಸಾರು’ ಅಂತೀವಿ ನಾವು. ನಾಯಿಗೆ ಬೇಳೆ ಬೇರೆ, ಹುಣಸೆಹಣ್ಣು ಬೇರೆ, ಇಂಗು ಬೇರೆ, ಸಾರು ಕಲಕಿದವರ ಕೈ ಬೇರೆ. ನಮ್ಮ ಮೈಯಿಂದ ಚರ್ಮದ ಸಣ್ಣ ಸಣ್ಣ ಚೂರುಗಳು ಸದಾ ಉದುರುತ್ತಲೇ ಇರುತ್ತವೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅದರ ಜೊತೆ ಬೆವರು. ಒಬ್ಬರ ವಾಸನೆ ಇನ್ನೊಬ್ಬರಿಗೆ ಇರುವುದಿಲ್ಲ. ನೋಡಲು ಒಂದೇ ಥರ ಇರುವ ಅವಳಿಜವಳಿ ಮಕ್ಕಳನ್ನೂ ಪಳಗಿದ ನಾಯಿಗಳು ವಾಸನೆಯಿಂದಲೇ ಬೇರೆ ಬೇರೆ ಎಂದು ತೋರಿಸಿಕೊಟ್ಟಿವೆ.

ಎಲ್ಲಾ ಪೊಲೀಸ್ ನಾಯಿಗಳೂ ಒಂದೇ ಕೆಲಸ ಮಾಡುವುದಿಲ್ಲ. ಕಳ್ಳತನ, ಕೊಲೆ ಪತ್ತೆ ಮಾಡುವ ನಾಯಿ ಬೇರೆ. ಬಾಂಬು ಹುಡುಕುವ ನಾಯಿ ಬೇರೆ. ಗಾಂಜಾ ಹುಡುಕುವ ನಾಯಿ ಬೇರೆ. ಮಂತ್ರಿಗಳು ಬರುವ ಮುಂಚೆ ವೇದಿಕೆ ಸುತ್ತ ಮೂಸುತ್ತಾ ಓಡಾಡುವುದು ಬಾಂಬಿನ ನಾಯಿ. ಅದಕ್ಕೆ ಸುಳಿವು ಸಿಕ್ಕರೆ ಬೊಗಳುವುದಿಲ್ಲ, ಕೆರೆಯುವುದೂ ಇಲ್ಲ. ಸುಮ್ಮನೆ ಕೂತುಬಿಡುತ್ತೆ. ಕೆರೆದರೆ ಬಾಂಬು ಸಿಡಿಯಬಹುದಲ್ಲ! ಗಾಂಜಾ ನಾಯಿಗೆ ಗಾಂಜಾ ತಿನ್ನಿಸಿ ಚಟ ಹಿಡಿಸುತ್ತಾರೆ ಎಂದು ಕೆಲವರು ಹೇಳುತ್ತಾರೆ. ಅದು ಶುದ್ಧ ಸುಳ್ಳು. ಆ ವಾಸನೆ ಪತ್ತೆ ಮಾಡಿದರೆ ಚೆಂಡು ಸಿಗುತ್ತೆ, ಆಟ ಸಿಗುತ್ತೆ ಎಂದು ಅದಕ್ಕೆ ಕಲಿಸಿರುತ್ತಾರೆ. ನಾಯಿಗೆ ಅದು ಆಟ. ನಮಗೆ ಅದು ಕೆಲಸ.

ಈ ಕೆಲಸಕ್ಕೆ ಡಾಬರ್‌ಮನ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಯ ನಾಯಿಗಳನ್ನು ಸಾಕುತ್ತಾರೆ. ಈಚೆಗೆ ಬೆಲ್ಜಿಯನ್ ಮ್ಯಾಲಿನಾಯ್ಸ್ ಎಂಬ ಜಾತಿಯೂ ಬಂದಿದೆ. ಕೆಲವೇ ತಿಂಗಳಿನ ಮರಿ ತಂದು ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ಪೊಲೀಸ್ ನಾಯಿಗಳ ತರಬೇತಿ ನಡೆಯುತ್ತೆ.

ನಾಯಿ ಒಂದೇ ಕಲಿಯುವುದಿಲ್ಲ. ಅದರ ಜೊತೆ ಒಬ್ಬ ಪೊಲೀಸಿನವರೂ ಕಲಿಯುತ್ತಾರೆ. ಅವರಿಗೆ ಹ್ಯಾಂಡ್ಲರ್ ಅಂತಾರೆ. ಊಟ ಹಾಕುವವರು ಅವರೇ, ಮೈ ಉಜ್ಜುವವರು ಅವರೇ, ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರೂ ಅವರೇ. ಬೇರೆಯವರು ಕೊಟ್ಟದ್ದನ್ನು ತಿನ್ನಬಾರದು ಎಂದು ನಾಯಿಗೆ ಕಲಿಸಿರುತ್ತಾರೆ. ಯಾರಾದರೂ ವಿಷ ಹಾಕಿದರೆ? ಆದ್ದರಿಂದ ಪೊಲೀಸ್ ನಾಯಿ ಬಂದಾಗ ಬಿಸ್ಕತ್ತು ಎಸೆಯಬೇಡಿ. ಅದಕ್ಕೆ ಕೊಡುವ ಆಜ್ಞೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಸಿಟ್ ಅಂದರೆ ಕೂರಬೇಕು. ಸ್ಟೇ ಅಂದರೆ ಇದ್ದಲ್ಲೇ ಇರಬೇಕು. ನಮ್ಮ ಜಿಲ್ಲೆಯ ನಾಯಿಗೆ ಕನ್ನಡ ಯಾಕೆ ಕಲಿಸಬಾರದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತೆ. ಇರಲಿ.

ನಾಯಿ ಮಾತಾಡುವುದಿಲ್ಲ. ಅದರ ಬಾಲ, ಕಿವಿ, ಉಸಿರು ನೋಡಿ ಹ್ಯಾಂಡ್ಲರ್ ತಿಳಿದುಕೊಳ್ಳಬೇಕು. ಈಗ ಜಾಡು ಸಿಕ್ಕಿದೆ, ಈಗ ತಪ್ಪಿದೆ, ಈಗ ಸುಸ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತೆ. ಹಗ್ಗ ಹಿಡಿದು ಅದರ ಹಿಂದೆ ಅವರೂ ಓಡಬೇಕು. ಗದ್ದೆ, ಮುಳ್ಳು, ಹಳ್ಳ, ಏನಿದ್ದರೂ ಓಡಬೇಕು. ಪೇಪರಿನಲ್ಲಿ ಬರುವುದು ನಾಯಿಯ ಹೆಸರು, ನಾಯಿಯ ಫೋಟೋ. ಹಿಂದೆ ಓಡಿದವರ ಹೆಸರು ಎಲ್ಲೋ ಒಂದು ಮೂಲೆಯಲ್ಲಿ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಹೆಸರು ಮಾಡಿದ ನಾಯಿ ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಅದರ ಹೆಸರು ತುಂಗಾ. ಡಾಬರ್‌ಮನ್ ಜಾತಿಯ ಹೆಣ್ಣು ನಾಯಿ. 2020ರ ಜುಲೈ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಒಬ್ಬನನ್ನು ಗುಂಡು ಹೊಡೆದು ಕೊಂದಿದ್ದರು. ತುಂಗಾಳನ್ನು ಹೆಣ ಬಿದ್ದ ಜಾಗಕ್ಕೆ ತಂದರು. ಅದು ಮೂಸಿ ಓಡತೊಡಗಿತು. ಒಂದಲ್ಲ ಎರಡಲ್ಲ, ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಒಂದು ತಾಂಡಾದ ಮನೆಯ ಹತ್ತಿರ ನಿಂತಿತು. ಪೊಲೀಸರು ಅಲ್ಲಿ ವಿಚಾರಿಸಿದರು. ಆಗ ಸುಳಿವು ಸಿಕ್ಕಿ ಆರೋಪಿಯನ್ನು ಹಿಡಿದರು. ತುಂಗಾ ಈಗ ಇಲ್ಲ. ಅದರ ಹೆಸರನ್ನೇ ಇನ್ನೊಂದು ನಾಯಿಗೆ ಇಟ್ಟರು, ತುಂಗಾ-2 ಎಂದು. 2024ರ ಜುಲೈನಲ್ಲಿ ಅದೇ ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಂದು ಕೊಲೆಯಾಯಿತು. ತುಂಗಾ-2 ಸುಮಾರು 8 ಕಿಲೋಮೀಟರ್ ಜಾಡು ಹಿಡಿದು ಒಂದು ಮನೆಗೆ ಹೋಯಿತು. ಆ ಹೊತ್ತಿನಲ್ಲಿ ಆ ಮನೆಯೊಳಗೆ ಒಬ್ಬ ಗಂಡ ತನ್ನ ಹೆಂಡತಿಯನ್ನು ಸಾಯುವ ಹಾಗೆ ಹೊಡೆಯುತ್ತಿದ್ದ. ಪೊಲೀಸರು ಒಳಗೆ ನುಗ್ಗಿ ಬಿಡಿಸಿದರು. ಹಿಂದಿನ ಕೊಲೆಯ ಜಾಡು ಹಿಡಿದು ಹೋದ ನಾಯಿಯಿಂದ ಮುಂದೆ ಹೋಗಲಿದ್ದ ಒಂದು ಜೀವ ಉಳಿಯಿತು.

ಇದನ್ನು ಕೇಳಿದರೆ ಮೈ ಜುಮ್ ಅನ್ನುತ್ತೆ, ಅಲ್ವಾ? ಆದರೆ ನಾಯಿ ದೇವರಲ್ಲ. ಅದು ಸೋಲುವುದೂ ಉಂಟು. ಸುಡುವ ಬಿಸಿಲಿನಲ್ಲಿ ವಾಸನೆ ಬೇಗ ಆರಿಹೋಗುತ್ತೆ. ನಾಯಿಯೂ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತೆ. ಏದುಸಿರು ಬಿಡುವಾಗ ಮೂಸುವುದು ಕಷ್ಟ. ಜೋರು ಮಳೆ ಬಂದರೆ ಜಾಡು ತೊಳೆದುಹೋಗುತ್ತೆ. ಕಳ್ಳ ರಸ್ತೆಗೆ ಬಂದು ಬೈಕು ಹತ್ತಿದರೆ ನಾಯಿ ಅಲ್ಲೇ ಸುತ್ತು ಹೊಡೆದು ನಿಂತುಬಿಡುತ್ತೆ. ಜನ ‘ನಾಯಿಗೆ ಏನೂ ಗೊತ್ತಾಗಲಿಲ್ಲ’ ಎಂದು ನಗುತ್ತಾರೆ. ಆದರೆ ಹ್ಯಾಂಡ್ಲರಿಗೆ ಅಷ್ಟರಿಂದಲೇ ಒಂದು ವಿಷಯ ಗೊತ್ತಾಯಿತು. ಕಳ್ಳ ಇಲ್ಲಿ ಗಾಡಿ ಹತ್ತಿದ್ದಾನೆ.

ಇನ್ನು ನಮ್ಮಿಂದ ಕೆಡುವ ಕೆಲಸ. ಆಗಲೇ ಎರಡು ಗಂಟೆ ಅಂದೆನಲ್ಲ. ಬೀಗ ಒಡೆದಿದೆ ಎಂದು ಒಬ್ಬರು ಕೂಗುತ್ತಾರೆ. ಬೀದಿಯೆಲ್ಲ ಒಳಗೆ ನುಗ್ಗುತ್ತೆ. ಒಬ್ಬರು ಬೀರುವಿನ ಬಾಗಿಲು ಎಳೆದು ನೋಡುತ್ತಾರೆ. ಒಬ್ಬರು ಕಬ್ಬಿಣದ ಸಲಾಕೆ ಎತ್ತಿ ‘ಇದರಿಂದಲೇ ಮೀಟಿದ್ದು’ ಎಂದು ತೋರಿಸುತ್ತಾರೆ. ಚೆಲ್ಲಿದ್ದನ್ನು ಮನೆಯ ಹೆಂಗಸರು ಗುಡಿಸಿಬಿಡುತ್ತಾರೆ. ಬಂದವರಿಗೆ ಕಾಫಿಯೂ ಆಗುತ್ತೆ! ಕಳ್ಳನ ಒಂದು ವಾಸನೆಯ ಮೇಲೆ ಐವತ್ತು ಜನರ ವಾಸನೆ ಕೂತುಬಿಡುತ್ತೆ. ಬೆರಳಿನ ಗುರುತೂ ಹಾಳು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆ ಇದೆ. ಕೊಳ್ಳೆ ಹೋದ ಮೇಲೂ ಬಾಗಿಲು ಹಾಕಬೇಕು ಅಂತೀನಿ ನಾನು. ಹೊರಗೆ ಬನ್ನಿ, ಬಾಗಿಲು ಮುಂದೆ ಮಾಡಿ, ಒಬ್ಬರನ್ನು ಕಾವಲು ನಿಲ್ಲಿಸಿ. 112ಕ್ಕೆ ಫೋನ್ ಮಾಡಿ. ಚಪ್ಪಲಿ, ಬಟ್ಟೆ, ಸಲಾಕೆ, ಏನು ಬಿದ್ದಿದ್ದರೂ ಮುಟ್ಟಬೇಡಿ.

ಇನ್ನೊಂದು ಮಾತು ಇದೆ. ಈ ಭಾಷಣವನ್ನು ಮುಖ್ಯವಾಗಿ ಅದಕ್ಕಾಗಿಯೇ ಮಾಡುತ್ತಿದ್ದೇನೆ.

ನಾನು ಪಾಠ ಮಾಡುವ ಪೇಟೆಯಲ್ಲಿ ಕೆಲವು ವರ್ಷದ ಹಿಂದೆ ಒಂದು ಅಡಿಕೆ ಮಂಡಿಗೆ ಕಳ್ಳರು ಬಿದ್ದರು. ಮೂಟೆಗಳು ಹೋದವು. ನೆಲದ ಮೇಲೆ ಒಂದು ಟವೆಲ್ ಬಿದ್ದಿತ್ತು. ಕಳ್ಳನದೇ ಇರಬೇಕು ಎಂದು ಎಲ್ಲರೂ ಅಂದರು. ನಾಯಿಗೆ ಆ ಟವೆಲನ್ನೇ ಮೂಸಿಸಿದರು. ನಾಯಿ ಮಂಡಿಯಿಂದ ಹೊರಟು, ಸಂತೆ ಮೈದಾನ ದಾಟಿ, ಹಿಂದಿನ ಕೇರಿಯ ಒಂದು ಮನೆಯ ಮುಂದೆ ಕೂತಿತು. ಆ ಮನೆ ಒಬ್ಬ ಹಮಾಲಿಯದು. ನಾಯಿಯ ಹಿಂದೆ ಇನ್ನೂರು ಜನ ಬಂದಿದ್ದರು. ‘ಸಿಕ್ಕಿಬಿದ್ದ ಕಳ್ಳ’ ಎಂದು ಕೂಗಿದರು. ಇಬ್ಬರು ಅವನ ಕುತ್ತಿಗೆಪಟ್ಟಿ ಹಿಡಿದು ಎಳೆದರು. ಆಗ ಹ್ಯಾಂಡ್ಲರ್ ನಡುವೆ ಬಂದು ನಿಂತರು. ‘ಯಾರೂ ಮೈ ಮುಟ್ಟಬೇಡಿ. ನಾಯಿ ಮನೆ ತೋರಿಸಿದೆ, ಕಳ್ಳ ಅಂತ ಹೇಳಿಲ್ಲ’ ಎಂದು ಗದರಿಸಿದರು.

ವಿಚಾರಿಸಿದಾಗ ತಿಳಿಯಿತು. ಹಿಂದಿನ ದಿನ ಸಂಜೆ ಆತ ಅದೇ ಮಂಡಿಯಲ್ಲಿ ಮೂಟೆ ಇಳಿಸಿದ್ದ. ಬೆವರು ಒರೆಸಿದ ಟವೆಲ್ ಅಲ್ಲೇ ಮರೆತು ಬಂದಿದ್ದ. ಮಂಡಿಯ ಗುಮಾಸ್ತರೂ ಹೌದೆಂದರು. ನಾಯಿ ತಪ್ಪು ಮಾಡಲಿಲ್ಲ, ನೋಡಿ. ಟವೆಲ್ ಯಾರದು ಎಂದು ಕೇಳಿದರು. ಟವೆಲ್ ಯಾರದು ಎಂದು ಅದು ತೋರಿಸಿತು. ಕಳ್ಳ ಯಾರು ಎಂದು ಅದಕ್ಕೆ ಯಾರೂ ಕೇಳಿರಲೇ ಇಲ್ಲ.

ಪೊಲೀಸರು ಆ ದಿನವೇ ಅವನನ್ನು ಬಿಟ್ಟರು. ಊರು ಬಿಡಲಿಲ್ಲ. ಅವನ ಮಗ ನನ್ನ ತರಗತಿಯಲ್ಲಿ ಓದುತ್ತಿದ್ದ. ಹುಡುಗರು ಅವನನ್ನು ‘ನಾಯಿ ಹಿಡಿದ ಮನೆಯವನು’ ಎಂದು ಕರೆದರು. ಹುಡುಗ ಹದಿನೈದು ದಿನ ಶಾಲೆಗೆ ಬರಲಿಲ್ಲ. ನಾನೂ ನಮ್ಮ ಹೆಡ್ಮಾಸ್ಟರೂ ಎರಡು ಸಲ ಮನೆಗೆ ಹೋಗಿ ಕರೆತಂದೆವು. ಎಷ್ಟೋ ತಿಂಗಳ ಮೇಲೆ ಮೂಟೆ ಕದ್ದವರು ಬೇರೆ ಕಡೆ ಸಿಕ್ಕರು. ಲಾರಿ ತಂದು ತುಂಬಿಕೊಂಡು ಹೋಗಿದ್ದರು. ಆ ಸುದ್ದಿ ಪೇಪರಿನಲ್ಲಿ ಬಂತು. ಹಮಾಲಿಯ ಮನೆ ಮುಂದೆ ಕೂಗಿದ ಇನ್ನೂರು ಜನರಲ್ಲಿ ಎಷ್ಟು ಜನ ಅದನ್ನು ಓದಿದರೋ ಕಾಣೆ.

ಕಾನೂನು ಕೂಡ ಇದನ್ನೇ ಹೇಳುತ್ತೆ. ಮಹಾರಾಷ್ಟ್ರದಲ್ಲಿ ರೈಲು ಹಳಿ ತಪ್ಪಿಸಿದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದರಲ್ಲೂ ಪೊಲೀಸ್ ನಾಯಿ ಜಾಡು ಹಿಡಿದಿತ್ತು. 1969ರಲ್ಲಿ ಕೋರ್ಟು ಈ ಪ್ರಶ್ನೆ ವಿಚಾರ ಮಾಡಿತು. ಸಾಕ್ಷಿ ಹೇಳಿದವರನ್ನು ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳಬಹುದು. ನಾಯಿಯನ್ನು ಕಟಕಟೆಗೆ ಹತ್ತಿಸಿ ‘ನೀನು ಯಾಕೆ ಅಲ್ಲಿ ಕೂತೆ?’ ಎಂದು ಕೇಳಲು ಆಗುತ್ತಾ? ಆದ್ದರಿಂದ ನಾಯಿ ತೋರಿಸಿತು ಎಂಬುದನ್ನೇ ನಂಬಿ ಒಬ್ಬ ಮನುಷ್ಯನ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಮಾತು ಬಂತು. ಹ್ಯಾಂಡ್ಲರ್ ಕೋರ್ಟಿಗೆ ಬಂದು ತಾವು ಕಂಡದ್ದನ್ನು ಹೇಳಬಹುದು. ಆದರೆ ಅದರ ಜೊತೆ ಬೇರೆ ಸಾಕ್ಷಿ ಬೇಕು. ಕದ್ದ ಮಾಲು ಬೇಕು, ಬೆರಳಿನ ಗುರುತು ಬೇಕು, ನೋಡಿದವರು ಬೇಕು. ನಾಯಿ ದಾರಿ ತೋರಿಸುತ್ತೆ. ಆ ದಾರಿಯಲ್ಲಿ ಹೋಗಿ ಸಾಕ್ಷಿ ಹುಡುಕುವುದು ಪೊಲೀಸರ ಕೆಲಸ. ತೀರ್ಪು ಹೇಳುವುದು ಕೋರ್ಟಿನ ಕೆಲಸ. ಹೊಡೆಯುವುದು ಯಾರ ಕೆಲಸವೂ ಅಲ್ಲ.

ನಾಳೆ ನಿಮ್ಮ ಮನೆ ಮುಂದೆಯೇ ನಾಯಿ ಬಂದು ಕೂತರೆ? ಓಡಬೇಡಿ. ನಾಯಿಗೆ ಕಲ್ಲು ಎಸೆಯಬೇಡಿ. ‘ನಿನ್ನೆ ನಾನು ಅಲ್ಲಿ ಕೂಲಿಗೆ ಹೋಗಿದ್ದೆ’, ‘ಹಾಲು ಕೊಡಲು ಹೋಗಿದ್ದೆ’, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವು ಹೇಳಿದ್ದನ್ನು ಬರೆದುಕೊಂಡರೆ, ಏನು ಬರೆದಿದ್ದಾರೆ ಎಂದು ಓದಿ ನೋಡಿ. ಈಗ ನಿಮಗೆ ಓದಲು ಬರುತ್ತೆ. ಕಳ್ಳತನ ನಿಮ್ಮ ಮನೆಯಲ್ಲೇ ಆಗಿ ನೀವೇ ದೂರು ಕೊಟ್ಟರೆ, ಎಫ್.ಐ.ಆರ್. ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹಿಂದೆ ಕೂತ ರಂಗಣ್ಣ ಆಗಿನಿಂದ ಕೈ ಎತ್ತಿದ್ದಾರೆ. ‘ಮೇಷ್ಟ್ರೇ, ನಾಯಿಗೂ ಪೆನ್ಷನ್ ಉಂಟಾ?’ ಅಂತ ಅವರ ಪ್ರಶ್ನೆ. ಸಂಬಳವೂ ಇಲ್ಲ, ಪೆನ್ಷನ್ನೂ ಇಲ್ಲ ರಂಗಣ್ಣ. ಅದರ ಊಟ, ಔಷಧದ ಖರ್ಚು ಸರ್ಕಾರದ್ದು. ಎಂಟು ಹತ್ತು ವರ್ಷ ದುಡಿದ ಮೇಲೆ ಮೂಗು ಮಂದವಾಗುತ್ತೆ, ಕಾಲು ಸೋಲುತ್ತೆ. ಆಮೇಲೆ ಅದನ್ನು ಕೆಲಸದಿಂದ ಬಿಡಿಸುತ್ತಾರೆ. ಎಷ್ಟೋ ಕಡೆ ಅದನ್ನು ಸಾಕಿದ ಹ್ಯಾಂಡ್ಲರೇ ಮನೆಗೆ ಕರೆದುಕೊಂಡು ಹೋಗುತ್ತಾರೆ.